ಹೋಮ್ ಲೋನ್ ಬೇಗ ತೀರಿಸುವ ಹಠ, ತಿಂಗಳ ಕೊನೆಗೆ ಕೈ ಖಾಲಿ. ಏನು ಮಾಡೋದು?

ಕೆಂಗೇರಿ_ಟೀಚರ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

2021ರ ಶುರುವಿನಲ್ಲಿ ಕೆಂಗೇರಿ ಹತ್ತಿರ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡೆವು. ಸಾಲ 40 ಲಕ್ಷ, 20 ವರ್ಷಕ್ಕೆ. ಆಗ ಬಡ್ಡಿ ಶೇ. 6.9, ಇಎಂಐ 30,772. ಆಮೇಲೆ ಬಡ್ಡಿ ಏರಿತು, ಇಎಂಐ ಮಾತ್ರ ಹಾಗೇ ಇತ್ತು. 2023ರಲ್ಲಿ ಯಜಮಾನರು ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಇನ್ನು 18 ವರ್ಷ ಇರಬೇಕಾದ ಸಾಲ 30 ವರ್ಷ ದಾಟಿ ಕೂತಿತ್ತು. ಅವತ್ತಿನಿಂದ ಇವರಿಗೆ ಒಂದೇ ಜಪ. ತಿಂಗಳಿಗೆ ಇಎಂಐ ಮೇಲೆ 15 ಸಾವಿರ ಲೋನಿಗೆ. ಬೋನಸ್ ಬಂದರೆ ಲೋನಿಗೆ. ಪಿಎಫ್‌ನಿಂದ ಒಂದಿಷ್ಟು ತೆಗೆದರು, ಅದೂ ಲೋನಿಗೆ. ಈಗ ಬಾಕಿ ಸುಮಾರು 29 ಲಕ್ಷ, ಬಡ್ಡಿ ಶೇ. 8.15ಕ್ಕೆ ಇಳಿದಿದೆ.

ಇಬ್ಬರ ಸಂಬಳ ಸೇರಿ ಕೈಗೆ ಒಂದು ಲಕ್ಷದ ಆಸುಪಾಸು. ಕೇಳೋಕೆ ಚೆನ್ನಾಗಿದೆ. ಆದರೆ ಬ್ಯಾಂಕಲ್ಲಿ ಉಳಿಕೆ ಅಂತ ಏನೂ ಇಲ್ಲ. ಹೋದ ವರ್ಷ ಮಾವನವರಿಗೆ ಸ್ಟೆಂಟ್ ಹಾಕಿಸಬೇಕಾಯಿತು. ಇನ್ಶೂರೆನ್ಸ್ ಕೊಟ್ಟಿದ್ದು ಬಿಟ್ಟು ಉಳಿದಿದ್ದಕ್ಕೆ ನನ್ನ ಬಳೆ ಅಡ ಇಟ್ಟೆವು, ಹೆಚ್ಚುಕಮ್ಮಿ ಒಂದು ರೂಪಾಯಿ ಬಡ್ಡಿ. ಇನ್ನೂ ಬಿಡಿಸಿಲ್ಲ. ಫ್ರಿಜ್ ಬಾಗಿಲು ನಿಲ್ಲಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೀವಿ. ಮೊನ್ನೆ ಮಗಳು ಸ್ಕೂಲ್ ಟ್ರಿಪ್‌ಗೆ 4,500 ಕೇಳಿದಳು. "ಇದೇ ದುಡ್ಡು ಲೋನಿಗೆ ಹಾಕಿದರೆ ಕೊನೆಗೆ ಎಷ್ಟು ಉಳಿಯುತ್ತೆ ಗೊತ್ತಾ" ಅಂತ ಮಗುವಿಗೆ ಮೊಬೈಲಲ್ಲಿ ಲೆಕ್ಕ ತೋರಿಸಿದರು. ಎಂಟನೇ ಕ್ಲಾಸಿನ ಹುಡುಗಿ ಏನು ಹೇಳಬೇಕು?

ಸಾಲ ಬೇಗ ತೀರೋದು ನನಗೂ ಬೇಕು. ಆದರೆ ಹೀಗೆ ಬದುಕಬೇಕಾ? ನಿಮ್ಮ ಮನೆಗಳಲ್ಲಿ ಹೇಗೆ ಮಾಡ್ತೀರಿ?

ಮಂಡ್ಯ_ಮಾದ
ಅಕ್ಕ, ಕುಡಿಯಲ್ಲ, ಸಿಗರೇಟ್ ಸೇದಲ್ಲ, ಲೋನ್ ಕಟ್ಟುತ್ತಾರೆ. ಇಂಥ ಗಂಡನ ಮೇಲೆ ಕಂಪ್ಲೇಂಟಾ 😀

ಗಿರಿನಗರ_ಸುಮಾ
ಮಾದ ಅವರೇ, ಫ್ರಿಜ್ಜಿಗೆ ರಬ್ಬರ್ ಬ್ಯಾಂಡ್ ಹಾಕಿ ನೀವು ಒಂದು ವಾರ ಅಡುಗೆ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಲೆಕ್ಕದ_ಮೇಷ್ಟ್ರು
ಮೇಡಂ, ಮೊದಲು ನಿಮ್ಮ ಯಜಮಾನರ ಪರವಾಗಿ ಒಂದು ಮಾತು. ಅವರು ಗಾಬರಿ ಆಗಿದ್ದು ಸುಮ್ನೆ ಅಲ್ಲ. ನಿಮ್ಮ ಸಾಲಕ್ಕೆ ಎರಡು ವರ್ಷ ಶೇ. 6.9 ಇದ್ದು, ಆಮೇಲೆ ಒಂದೇ ಸಲ 9.4 ಆಯಿತು ಅಂತ ಇಟ್ಟುಕೊಳ್ಳೋಣ. ಬಾಕಿ 38 ಲಕ್ಷ. ಅದಕ್ಕೆ ತಿಂಗಳ ಬಡ್ಡಿಯೇ 29,770. ನೀವು ಕಟ್ಟುತ್ತಿದ್ದದ್ದು 30,772. ಅಂದರೆ ಅಸಲಿಗೆ ಹೋಗಿದ್ದು ಬರೀ ಸಾವಿರ ರೂಪಾಯಿ! ಅದೇ ಇಎಂಐ ಮುಂದುವರಿಸಿದ್ದರೆ ಮುಗಿಯೋಕೆ ಇನ್ನೂ 36 ವರ್ಷ ಬೇಕಿತ್ತು. ಆಗ ಅವರು ದುಡ್ಡು ಸುರಿದದ್ದು ಸರಿ.

ಆದರೆ ಈಗ ಲೆಕ್ಕ ಬೇರೆ. 29 ಲಕ್ಷ, ಶೇ. 8.15, ಅದೇ ಇಎಂಐ. ಒಂದು ಪೈಸೆ ಜಾಸ್ತಿ ಕಟ್ಟದಿದ್ದರೆ ಹನ್ನೆರಡೂವರೆ ವರ್ಷ. ತಿಂಗಳಿಗೆ 5 ಸಾವಿರ ಜಾಸ್ತಿ ಕಟ್ಟಿದರೆ ಹತ್ತು ವರ್ಷಕ್ಕೆ ಸ್ವಲ್ಪ ಕಮ್ಮಿ. 8 ಸಾವಿರ ಕಟ್ಟಿದರೆ ಎಂಟು ವರ್ಷ ಒಂಬತ್ತು ತಿಂಗಳು. ಈಗಿನಂತೆ 15 ಸಾವಿರ ಕಟ್ಟಿದರೆ ಏಳು ವರ್ಷ.

ಇದನ್ನು ಅವರಿಗೆ ತೋರಿಸಿ. ಮೊದಲ 8 ಸಾವಿರ ಸುಮಾರು ನಾಲ್ಕು ವರ್ಷ ಇಳಿಸುತ್ತೆ. ಅದರ ಮೇಲಿನ 7 ಸಾವಿರ ಇಳಿಸೋದು ಎರಡು ವರ್ಷಕ್ಕಿಂತ ಕಮ್ಮಿ. ಆ 7 ಸಾವಿರ ಮನೆಯಲ್ಲೇ ಉಳಿದರೆ ಬಳೆ ಬರುತ್ತೆ, ಫ್ರಿಜ್ ಬರುತ್ತೆ, ಕೈಯಲ್ಲಿ ನಾಲ್ಕು ಕಾಸು ಇರುತ್ತೆ.

ಅಂದಹಾಗೆ ಟ್ರಿಪ್ ಲೆಕ್ಕ ಅವರು ತಪ್ಪು ಹೇಳಿರಲ್ಲ. ಬೇರೇನೂ ಜಾಸ್ತಿ ಕಟ್ಟದೆ ಇವತ್ತು 4,500 ಹಾಕಿದರೆ ಕೊನೆಯ ಕಂತುಗಳಲ್ಲಿ 12,500ರಷ್ಟು ಕಮ್ಮಿ ಆಗುತ್ತೆ. ಆದರೆ ಅಷ್ಟು ಹೊತ್ತಿಗೆ ಮಗಳಿಗೆ ಇಪ್ಪತ್ತೈದು ದಾಟಿರುತ್ತೆ. ಟ್ರಿಪ್‌ಗೆ ಯಾರನ್ನು ಕಳಿಸುತ್ತಾರೆ?

ಮಂಡ್ಯ_ಮಾದ
ಮೇಷ್ಟ್ರು ಹೊಡೆದರು ಸಿಕ್ಸರ್.

ಸಿಪ್_ಸೀನ
ಪ್ರೀಪೇಮೆಂಟ್ (ಅವಧಿಗೆ ಮುಂಚೆ ಜಾಸ್ತಿ ಕಟ್ಟೋದು) ಮಾಡೋದೇ ದಡ್ಡತನ, ಕ್ಷಮಿಸಿ. ಎಂಟು ಪರ್ಸೆಂಟಿಗೆ ಸಿಗುವ ಸಾಲ ಇದೊಂದೇ. ಆ 15 ಸಾವಿರ ಶೇರು ಮಾರ್ಕೆಟ್ಟಿನ ಇಂಡೆಕ್ಸ್ ಫಂಡಿಗೆ ಹಾಕಿದ್ದರೆ ಇಷ್ಟೊತ್ತಿಗೆ ದುಡ್ಡು ಬೆಳೆದಿರುತ್ತಿತ್ತು. ಹತ್ತು ವರ್ಷ ಬಿಟ್ಟು ಒಂದೇ ಸಲ ಲೋನ್ ಕ್ಲೋಸ್ ಮಾಡಿ, ಮಿಕ್ಕಿದ್ದು ಕೈಯಲ್ಲಿ. ಎಷ್ಟು ಸಲ ಹೇಳಿದರೂ ನಮ್ಮ ಜನಕ್ಕೆ ಸಾಲ ಅಂದರೆ ಭಯ.

ಹುಬ್ಬಳ್ಳಿ_ಅಣ್ಣಾ
ಭಯ ಇರಬೇಕ್ರೀ ಸೀನಪ್ಪ. 2020ರಾಗ ಜನವರಿಯಿಂದ ಮಾರ್ಚ್‌ಗೆ ಶೇರು ಮಾರ್ಕೆಟ್ಟಿನ ಸೂಚ್ಯಂಕ ನಿಫ್ಟಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬಿದ್ದಿತ್ತು. ಅದೇ ತಿಂಗಳು ನಮ್ಮ ಕಂಪನಿ ಅರ್ಧ ಸಂಬಳ ಅಂತು. ಅವತ್ತು ಫಂಡ್ ಮಾರಬೇಕಿತ್ತಾ, ಇಎಂಐ ಬಿಡಬೇಕಿತ್ತಾ? ಮಾರ್ಕೆಟ್ ಬೀಳೋದು, ನೌಕರಿ ಹೋಗೋದು ಎರಡೂ ಒಂದೇ ಹೊತ್ತಿಗೆ ಬರ್ತಾವ. ಅದನ್ನ ಯಾವ ಲೆಕ್ಕದಾಗೂ ಹಾಕಂಗಿಲ್ಲ ನೀವು.

ಸಿಪ್_ಸೀನ
ಆಮೇಲೆ ಅದೇ ನಿಫ್ಟಿ ಎದ್ದು ನಿಂತಿದ್ದನ್ನು ಹೇಳಲ್ಲ ನೀವು. ತಾಳ್ಮೆ ಇರಬೇಕು ಗುರು.

ಹುಬ್ಬಳ್ಳಿ_ಅಣ್ಣಾ
ತಾಳ್ಮೆ ನನಗ ಐತಿ. ಬ್ಯಾಂಕಿಗೆ ಇಲ್ಲ.

ಲೆಕ್ಕದ_ಮೇಷ್ಟ್ರು
ಸೀನ ಅವರ ಮಾತು ಪೂರ್ತಿ ತಳ್ಳಿಹಾಕಲ್ಲ. ಆದರೆ ಲಾಭದಲ್ಲಿ ತೆರಿಗೆ ಕಳೆಯಿರಿ. ಶೇರು ಫಂಡಿನಲ್ಲಿ ವರ್ಷ ದಾಟಿದ ಲಾಭ 1.25 ಲಕ್ಷಕ್ಕಿಂತ ಜಾಸ್ತಿ ಆದರೆ ಮೇಲಿನದಕ್ಕೆ ಶೇ. 12.5 ಕೊಡಬೇಕು. ಲೋನಿಗೆ ಕಟ್ಟಿದ್ದು ಖಚಿತ ಉಳಿತಾಯ, ತೆರಿಗೆ ಇಲ್ಲ. ಖಚಿತವಾದ ಎಂಟಕ್ಕೂ ಇರಬಹುದಾದ ಹನ್ನೆರಡಕ್ಕೂ ವ್ಯತ್ಯಾಸ ಇದೆ.

ಕಾರ್ಕಳ_ಶೆಟ್ರು
ಬೇಗ ಕಟ್ಟಿದರೆ ಬ್ಯಾಂಕಿನವರು ಎರಡು ಪರ್ಸೆಂಟ್ ದಂಡ ಹಾಕುತ್ತಾರೆ ಮಾರಾಯ್ರೆ. ಅದನ್ನು ಯಾರೂ ಹೇಳಲೇ ಇಲ್ಲ.

ನಿವೃತ್ತ_ಬ್ಯಾಂಕು
ಶೆಟ್ರೇ, ಅದು ಹಳೇ ಕಾಲದ ಮಾತು. ಫ್ಲೋಟಿಂಗ್ ರೇಟಿನ, ಅಂದರೆ ಬಡ್ಡಿ ಏರಿಳಿಯುವ, ಹೋಮ್ ಲೋನಿಗೆ ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಸ್ವಲ್ಪ ಕಟ್ಟಿದರೂ ಇಲ್ಲ, ಪೂರ್ತಿ ತೀರಿಸಿದರೂ ಇಲ್ಲ. ಫಿಕ್ಸೆಡ್ ರೇಟ್ ಇದ್ದರೆ ಮಾತ್ರ ಒಪ್ಪಂದದ ಪತ್ರ ತೆಗೆದು ಓದಿ.

ಟೀಚರ್ ಮೇಡಂಗೆ ಬರೋಣ. ಕೌಂಟರಿನ ಆ ಕಡೆ ಬಹಳ ವರ್ಷ ಕೂತವನು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ನಿಮ್ಮ ಸಾಲ ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರಕ್ಕೆ, ಕಟ್ಟಿದ್ದು. ಅಕ್ಟೋಬರ್ 2019ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಹೋಮ್ ಲೋನ್ ಎಲ್ಲ ಹೊರಗಿನ ಒಂದು ದರಕ್ಕೆ ಕಟ್ಟಿರಬೇಕು, ಬಹುಪಾಲು ಬ್ಯಾಂಕಿಗೆ ಅದು ರೆಪೋ. 2020ರ ಮೇ ತಿಂಗಳಿಂದ ರೆಪೋ ಶೇ. 4 ಇತ್ತು. 2022ರ ಮೇನಿಂದ ಏರಿಸುತ್ತಾ ಬಂದು 2023ರ ಫೆಬ್ರವರಿಗೆ 6.5 ಮಾಡಿದರು. 2025ರಲ್ಲಿ ನಾಲ್ಕು ಸಲ ಇಳಿಸಿ 5.25ಕ್ಕೆ ತಂದರು. ನಿಮ್ಮದು ಆಗ 6.9, ಈಗ 8.15. ಎರಡು ಸಲವೂ ರೆಪೋ ಮೇಲೆ 2.9. ಇದನ್ನು ಸ್ಪ್ರೆಡ್ ಅಂತೀವಿ. ಈ 2.9 ಜಾಸ್ತಿ ಆಯಿತು. ಇವತ್ತು ಹೊಸದಾಗಿ ಬರುವ ಗಿರಾಕಿಗೆ, ಸಿಬಿಲ್ ಸ್ಕೋರ್ ಚೆನ್ನಾಗಿದ್ದರೆ, ಇದಕ್ಕಿಂತ ಕಮ್ಮಿಗೆ ಕೊಡ್ತಾರೆ. ಐದು ವರ್ಷ ಸರಿಯಾಗಿ ಕಟ್ಟಿದ ಹಳೇ ಗಿರಾಕಿಯನ್ನು ಯಾರೂ ಕರೆದು ಇಳಿಸಲ್ಲ. ನೀವೇ ಹೋಗಿ ಕೇಳಬೇಕು.

ಬ್ರಾಂಚಿಗೆ ಹೋಗಿ ಬರವಣಿಗೆಯಲ್ಲಿ ಅರ್ಜಿ ಕೊಡಿ. ಬೇರೆ ಬ್ಯಾಂಕಿನ ಆಫರ್ ಇದ್ದರೆ ತೋರಿಸಿ. ಸಣ್ಣ ಶುಲ್ಕ ತಗೊಂಡು ಇಳಿಸೋದು ಸಾಮಾನ್ಯ. ಇಳಿಸದಿದ್ದರೆ ಸಾಲವನ್ನೇ ಬೇರೆ ಬ್ಯಾಂಕಿಗೆ ಒಯ್ಯುವ ಬ್ಯಾಲೆನ್ಸ್ ಟ್ರಾನ್ಸ್‌ಫರ್. ಆದರೆ ಅದಕ್ಕೆ ಪ್ರೊಸೆಸಿಂಗ್ ಫೀ, ವಕೀಲರ ಫೀ, ಎಂಓಡಿ (ಮನೆ ಪತ್ರ ಅಡ ಇಟ್ಟದ್ದರ ದಾಖಲೆ) ಸ್ಟಾಂಪ್ ಖರ್ಚು ಎಲ್ಲ ಮತ್ತೆ ಬರುತ್ತೆ, ಕೂಡಿಸಿ ನೋಡಿ.

ಲೆಕ್ಕದ_ಮೇಷ್ಟ್ರು
8.15ರಿಂದ 7.5ಕ್ಕೆ ಇಳಿದರೆ, ಅದೇ ಇಎಂಐಗೆ, ಎಂಟು ಕಂತು ಕಮ್ಮಿ. ಸುಮಾರು ಎರಡೂವರೆ ಲಕ್ಷ. ಒಂದು ಅರ್ಜಿಗೆ.

ಫ್ಲಾಟ್_302
ನಮ್ಮದು ಬ್ಯಾಂಕ್ ಅಲ್ಲ, ಹೌಸಿಂಗ್ ಫೈನಾನ್ಸ್ ಕಂಪನಿ. ರೆಪೋ ಇಳಿದಿದೆ ಅಂತ ಪೇಪರಲ್ಲಿ ಬರುತ್ತೆ, ನಮ್ಮ ಬಡ್ಡಿ ಅಲ್ಲಾಡಲ್ಲ. ಯಾಕೆ ಸರ್?

ನಿವೃತ್ತ_ಬ್ಯಾಂಕು
ಆ ರೆಪೋ ನಿಯಮ ಬ್ಯಾಂಕುಗಳಿಗೆ ಮಾತ್ರ. ಫೈನಾನ್ಸ್ ಕಂಪನಿಗಳು ತಮ್ಮದೇ ಆಧಾರ ದರ ಇಟ್ಟುಕೊಂಡಿವೆ, ಏರುವಾಗ ಬೇಗ, ಇಳಿಯುವಾಗ ನಿಧಾನ. ನೀವೂ ಕೇಳಿ. ಕೇಳಿದವರಿಗೆ ಕೊಡ್ತಾರೆ.

ಗಿರಿನಗರ_ಸುಮಾ
ಟೀಚರ್, ಯಾರೂ ಕೇಳದ ಪ್ರಶ್ನೆ ಕೇಳ್ತೀನಿ. ಫ್ಲಾಟಿನ ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆಯಾ? ನಿಮ್ಮ ಬಳೆ ಅಡ ಇದೆ, ನಿಮ್ಮ ಸಂಬಳ ಮನೆಗೆ ಹೋಗುತ್ತೆ, ಅದರಿಂದಲೇ ಅವರ ಸಂಬಳ ಲೋನಿಗೆ ಹೋಗೋಕೆ ಆಗುತ್ತೆ. ಲೆಕ್ಕದಲ್ಲಿ ಲೋನ್ ಕಟ್ಟಿದ್ದು ಅವರು ಅಂತ ಬರುತ್ತೆ. ದಿನಸಿ, ಹಾಲು, ವ್ಯಾನ್ ಫೀಸು, ಮೇಂಟೆನೆನ್ಸ್ ಕಟ್ಟಿದ್ದು ಯಾವ ಸ್ಟೇಟ್‌ಮೆಂಟಿನಲ್ಲೂ ಬರಲ್ಲ.

ಕೆಂಗೇರಿ_ಟೀಚರ್
ಲೋನಿಗೆ ನಾನೂ ಸಹಿ ಮಾಡಿದ್ದೀನಿ ಮೇಡಂ, ಕೋ-ಅಪ್ಲಿಕೆಂಟ್. ಕ್ರಯಪತ್ರ ಅವರ ಹೆಸರಲ್ಲಿ ಮಾತ್ರ. ರಿಜಿಸ್ಟ್ರೇಷನ್ ದಿನ ನಮ್ಮ ಚಿಕ್ಕವನು ಕೈಗೂಸು, ಓಡಾಟ ಬೇಡ ಅಂತ ಹಾಗೆ ಮಾಡಿದರು.

ಗಿರಿನಗರ_ಸುಮಾ
ಹಾಗಾದರೆ ಸಾಲಕ್ಕೆ ನೀವು ಹೊಣೆ, ಮನೆಗೆ ನೀವು ಒಡತಿ ಅಲ್ಲ. ಸುಮ್ನೆ ಹೇಳಿದೆ. ಜಗಳಕ್ಕೆ ಅಲ್ಲ, ತಿಳಿದಿರಲಿ ಅಂತ.

ಮಂಡ್ಯ_ಮಾದ
ಸಂಸಾರ ಒಡೆಯೋ ಕೆಲಸ ಯಾಕೆ ಮೇಡಂ?

ಗಿರಿನಗರ_ಸುಮಾ
ಪತ್ರದಲ್ಲಿ ಹೆಸರು ಕೇಳಿದರೆ ಒಡೆಯುವ ಸಂಸಾರ ಎಂಥದ್ದು ಅಂತ ನೀವೇ ಹೇಳಿ.

ನಿರ್ವಾಹಕ
ಇಬ್ಬರೂ ಸಾಕು. ವಿಷಯಕ್ಕೆ ಬನ್ನಿ.

ಟ್ಯಾಕ್ಸ್_ತಲೆನೋವು
ಲೋನ್ ಬೇಗ ಮುಗಿಸಿದರೆ ತೆರಿಗೆ ವಿನಾಯಿತಿ ಹೋಗುತ್ತೆ ಅಲ್ವಾ? ನಮ್ಮ ಆಡಿಟರ್ ಯಾವಾಗಲೂ "ಹೋಮ್ ಲೋನ್ ಇಟ್ಕೊಳ್ಳಿ" ಅಂತಾರೆ.

ಲೆಕ್ಕದ_ಮೇಷ್ಟ್ರು
ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ, ನೀವೇ ವಾಸ ಇರುವ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ 80ಸಿ ಅಡಿ 1.5 ಲಕ್ಷದೊಳಗೆ. ಶೇ. 30ರ ಹಂತದಲ್ಲಿ ಇರುವವರು 2 ಲಕ್ಷ ಬಡ್ಡಿ ಕಟ್ಟಿದರೆ ಸೆಸ್ ಸೇರಿ 62,400 ಉಳಿಯುತ್ತೆ. ಅಷ್ಟು ಉಳಿಸೋಕೆ ಬ್ಯಾಂಕಿಗೆ 2 ಲಕ್ಷ ಕೊಟ್ಟಿರುತ್ತೀರಿ! ಬಡ್ಡಿ 2 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಮೇಲಿನ ಭಾಗಕ್ಕೆ ಏನೂ ಸಿಗಲ್ಲ.

ಹೊಸ ಪದ್ಧತಿಯಲ್ಲಿ ಇವೆರಡೂ ಇಲ್ಲ. 2025-26ರಿಂದ 12 ಲಕ್ಷದವರೆಗೆ, ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ, ತೆರಿಗೆಯೇ ಬರಲ್ಲ. ಟೀಚರ್ ಅವರ ಮನೆಗೆ ಈ ವಿನಾಯಿತಿ ಮಾತೇ ಬೇಕಾಗಿಲ್ಲ ಅನ್ಸುತ್ತೆ.

ಸಾಗರದ_ಭಟ್ರು
ನಮಗೆ ತಿಂಗಳ ಸಂಬಳ ಇಲ್ಲ, ವರ್ಷಕ್ಕೊಂದು ಸಲ ಅಡಿಕೆ. ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆಸಾಲ ಸಿಗ್ತು. ಅದನ್ನು ತಗಂಡು ಮನೆ ಸಾಲಕ್ಕೆ ಕಟ್ಟೋ ಬುದ್ಧಿವಂತರೂ ಇದ್ದ ಮಾರಾಯ. ಈ ವರ್ಷ ಅಡಿಕೆಗೆ ಕೊಳೆ ರೋಗ ಜಾಸ್ತಿ, ಆ ಲೆಕ್ಕ ಎಲ್ಲ ತಲೆಕೆಳಗಾಯ್ದು.

ಕಾರ್ಕಳ_ಶೆಟ್ರು
ಭಟ್ರೇ, ನಿಮ್ಮ ಕಡೆ ಚಾಲಿ ಅಡಿಕೆ ರೇಟು ಈಗ ಹೇಗೆ ಉಂಟು?

ಸಾಗರದ_ಭಟ್ರು
ಬೇರೆ ಕಡೆ ಮಾತಾಡನ, ಇಲ್ಲಿ ನಿರ್ವಾಹಕರು ಬೈತ.

ಮೆಲ್ಬೋರ್ನ್_ಮೈಸೂರಿಗ
ಇಲ್ಲಿ ಆಸ್ಟ್ರೇಲಿಯಾದಲ್ಲಿ ಆಫ್‌ಸೆಟ್ ಖಾತೆ ಅಂತ ಇದೆ. ಸಂಬಳ, ಉಳಿತಾಯ ಎಲ್ಲ ಅದರಲ್ಲಿ ಬಿಟ್ಟಿರುತ್ತೀವಿ. ಅಷ್ಟು ಮೊತ್ತಕ್ಕೆ ಲೋನ್ ಬಡ್ಡಿ ಹಾಕಲ್ಲ. ಬೇಕಾದಾಗ ತೆಗೆಯಬಹುದು. ಟೀಚರ್ ಯಜಮಾನರ ತರಹದವರಿಗೆ ಹೇಳಿ ಮಾಡಿಸಿದ್ದು, ಬಡ್ಡಿಯೂ ಉಳೀತು, ಆಸ್ಪತ್ರೆಗೆ ದುಡ್ಡೂ ಇತ್ತು. ಇಂಡಿಯಾದಲ್ಲಿ ಇಂಥದ್ದು ಇಲ್ವಾ?

ನಿವೃತ್ತ_ಬ್ಯಾಂಕು
ಇದೆ ಸರ್. ಓವರ್‌ಡ್ರಾಫ್ಟ್ ಹೋಮ್ ಲೋನ್. ಎಸ್‌ಬಿಐನಲ್ಲಿ ಮ್ಯಾಕ್ಸ್‌ಗೇನ್ ಅಂತಾರೆ, ಬೇರೆ ಬ್ಯಾಂಕುಗಳಲ್ಲೂ ಬೇರೆ ಬೇರೆ ಹೆಸರಲ್ಲಿ ಇದೆ. ಬಡ್ಡಿ ಸ್ವಲ್ಪ ಜಾಸ್ತಿ ಇರುತ್ತೆ. ಕೈಯಲ್ಲಿ ದೊಡ್ಡ ಮೊತ್ತ ಓಡಾಡುವ ವ್ಯಾಪಾರಸ್ಥರಿಗೆ ಚೆನ್ನ. ಖಾತೆಯಲ್ಲಿ ದುಡ್ಡು ಕಂಡರೆ ತೆಗೆದು ಕಾರು ತಗೊಳ್ಳುವ ಅಭ್ಯಾಸ ಇದ್ದವರಿಗೆ ಬೇಡ.

ಸ್ಲೌ_ಶಿವಮೊಗ್ಗ
ಇಂಗ್ಲೆಂಡಿನಲ್ಲಿ ನಮ್ಮದು ಐದು ವರ್ಷದ ಫಿಕ್ಸೆಡ್. ವರ್ಷಕ್ಕೆ ಬಾಕಿಯ ಶೇ. 10ರಷ್ಟು ಮಾತ್ರ ಜಾಸ್ತಿ ಕಟ್ಟೋಕೆ ಬಿಡ್ತಾರೆ. ಮೇಲೆ ಹೋದರೆ ದಂಡ. ನೀವು ಅಲ್ಲಿ ಇಷ್ಟ ಬಂದಷ್ಟು ಕಟ್ಟಬಹುದು ಅನ್ನೋದೇ ಭಾಗ್ಯ.

ಪಿಎಫ್_ಪ್ರಕಾಶ
ಎಲ್ಲರೂ ಒಂದು ವಿಷಯ ಬಿಟ್ಟಿರಿ. ಅವರು ಪಿಎಫ್ ತೆಗೆದು ಲೋನಿಗೆ ಹಾಕಿದ್ದಾರೆ! 2024-25ಕ್ಕೆ ಪಿಎಫ್ ಬಡ್ಡಿ ಶೇ. 8.25, ಅವರ ಲೋನ್ 8.15. ಅದೂ ಐದು ವರ್ಷದ ಸರ್ವಿಸ್ ಇದ್ದರೆ ಪಿಎಫ್ ಬಡ್ಡಿಗೆ ತೆರಿಗೆ ಇಲ್ಲ. ಜಾಸ್ತಿ ಬಡ್ಡಿ ಬರುವ ಜಾಗದಿಂದ ತೆಗೆದು ಕಮ್ಮಿ ಬಡ್ಡಿಯ ಸಾಲ ತೀರಿಸಿದ ಹಾಗಾಯಿತು. 9.4 ಇದ್ದಾಗ ತೆಗೆದಿದ್ದರೆ ಸರಿ ಅನ್ನಬಹುದಿತ್ತು. ಇನ್ನು ಮುಟ್ಟೋದು ಬೇಡ ಅಂತ ಹೇಳಿ.

ಗಿರಿನಗರ_ಸುಮಾ
ಮತ್ತೆ ಚಿನ್ನದ ಸಾಲ? ಒಂದು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಹನ್ನೆರಡು ಪರ್ಸೆಂಟ್. ಹನ್ನೆರಡರ ಸಾಲ ಹಾಗೇ ಇಟ್ಟು ಎಂಟರ ಸಾಲ ಬೇಗ ತೀರಿಸೋದು ಯಾವ ಊರಿನ ಲೆಕ್ಕ? ಮೊದಲು ಬಳೆ ಬಿಡಿಸಿಕೊಳ್ಳಿ. ಅದರ ಮೇಲೆ ಕ್ರೆಡಿಟ್ ಕಾರ್ಡ್ ಬಾಕಿ ಏನಾದರೂ ಇದ್ದರೆ ಅದು ಇನ್ನೂ ಮೊದಲು. ಅವರದ್ದು ತಿಂಗಳಿಗೇ ಮೂರು-ಮೂರೂವರೆ.

ಸಿಪ್_ಸೀನ
ಇದಕ್ಕೆ ನನ್ನದೂ ಒಪ್ಪಿಗೆ. ಮೊದಲ ಸಲ 🙂

ಯಲಹಂಕ_ರೂಪ
ನಾವು ಮಾಡೋದು ಹೇಳ್ತೀನಿ. ನಮ್ಮನೇಲಿ ಮೂರು ಹಬ್ಬ, ಒಂದು ಜೂನ್. ಜೂನ್ ಅಂದರೆ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್, ಶೂ. ಆಗಸ್ಟ್-ಸೆಪ್ಟೆಂಬರ್ ವರಮಹಾಲಕ್ಷ್ಮಿ, ಗೌರಿ-ಗಣೇಶ. ಆಮೇಲೆ ದಸರಾ, ದೀಪಾವಳಿ. ಈ ತಿಂಗಳುಗಳಲ್ಲಿ ಲೋನಿಗೆ ಇಎಂಐ ಬಿಟ್ಟು ಏನೂ ಹಾಕಲ್ಲ. ಡಿಸೆಂಬರಿಂದ ಏಪ್ರಿಲ್ ಜಾಸ್ತಿ ಹಾಕ್ತೀವಿ. ಪ್ರತಿ ತಿಂಗಳೂ ಒಂದೇ ಮೊತ್ತ ಹಾಕಲೇಬೇಕು ಅಂತ ಯಾರು ಹೇಳಿದ್ದು? ಸಂಸಾರದ ಖರ್ಚು ಪ್ರತಿ ತಿಂಗಳೂ ಒಂದೇ ಥರ ಬರಲ್ವಲ್ಲ.

ಇನ್ನೊಂದು, ರಾಜ್ಯ ಸರ್ಕಾರದ ಕಂಪನಿ ಎಂಎಸ್‌ಐಎಲ್‌ನ ಚೀಟಿ ಹಾಕಿದ್ದೆ. ಚೀಟಿ ಎತ್ತಿದಾಗ ಒಂದೇ ಸಲ ಲೋನಿಗೆ ಕಟ್ಟಿದೆ. ಲೆಕ್ಕದ ಮೇಷ್ಟ್ರು ಬೈಬಹುದು, ಆದರೆ ನನ್ನ ಕೈಯಲ್ಲಿ ದುಡ್ಡು ಸೀರೆ ಅಂಗಡಿ ದಾಟಿ ಬರೋದು ಹಾಗೆ ಮಾತ್ರ.

ಲೆಕ್ಕದ_ಮೇಷ್ಟ್ರು
ಬೈಯಲ್ಲ ಮೇಡಂ. ನೋಂದಾಯಿತ ಚೀಟಿ ಆದರೆ ಸಾಕು. ಪರಿಚಯದವರು ನಡೆಸುವ ಚೀಟಿ ಬೇಡ, ಅಷ್ಟೇ.

ಮಂಡ್ಯ_ಮಾದ
ಚೀಟಿ ಮಾತು ಬಂದರೆ ನಮ್ಮೂರಲ್ಲಿ ಒಬ್ಬ ರಾತ್ರೋರಾತ್ರಿ ಬೀಗ ಹಾಕಿ ಹೋದ ಕಥೆ ಹೇಳ್ಬೇಕು, ಆದರೆ ಅದರಲ್ಲಿ ನಮ್ಮಪ್ಪನ ದುಡ್ಡೂ ಇತ್ತು, ಬೇಡ ಬಿಡಿ.

ಫ್ಲಾಟ್_302
ನಂದಿನಿ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 2025ರ ಏಪ್ರಿಲ್‌ನಲ್ಲಿ 42ರಿಂದ 46 ಆಯಿತು. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ಮೆಟ್ರೋ 60 ಇದ್ದ ಗರಿಷ್ಠ ದರ 90. ಎಲ್ಲ ಏರುತ್ತೆ, ಸಂಬಳ ಮಾತ್ರ "ಈ ವರ್ಷ ಮಾರ್ಕೆಟ್ ಸರಿ ಇಲ್ಲ" ಅಂತಾರೆ. ಲೋನ್ ಪ್ರೀಪೇ ಮಾಡೋರನ್ನು ನೋಡಿದರೆ ಆಶ್ಚರ್ಯ ನನಗೆ. ಎಲ್ಲಿಂದ ತರ್ತೀರಿ?

ಯಲಹಂಕ_ರೂಪ
ಪ್ರತಿ ವರ್ಷ ಇಂಕ್ರಿಮೆಂಟ್ ಬಂದಾಗ ಅದರಲ್ಲಿ ಅರ್ಧ ಇಎಂಐಗೆ ಸೇರಿಸಿಬಿಡಿ. ಇನ್ನೂ ಕೈಗೆ ಬಂದು ಅಭ್ಯಾಸ ಆಗಿರಲ್ಲ, ಹೋಗಿದ್ದು ಗೊತ್ತಾಗಲ್ಲ.

ಫ್ಲಾಟ್_302
ಇಂಕ್ರಿಮೆಂಟ್ ಅಂದರೆ ಏನು ಮೇಡಂ?

ನಿವೃತ್ತ_ಬ್ಯಾಂಕು
ಪ್ರೀಪೇ ಮಾಡುವವರಿಗೆ ಕೌಂಟರಿನ ಒಂದೆರಡು ಮಾತು. ದುಡ್ಡು ಕಟ್ಟುವಾಗ "ಅವಧಿ ಇಳಿಸಿ, ಇಎಂಐ ಹಾಗೇ ಇರಲಿ" ಅಂತ ಬರೆದುಕೊಡಿ. ಕೆಲವು ಕಡೆ ತಾವಾಗೇ ಇಎಂಐ ಇಳಿಸಿಬಿಡುತ್ತಾರೆ, ಆಗ ಬಡ್ಡಿಯಲ್ಲಿ ಆಗುವ ಉಳಿತಾಯ ತೀರಾ ಕಮ್ಮಿ. ಇನ್ನೊಂದು, ಆಪ್‌ನಲ್ಲಿ ಕಟ್ಟಿದ್ದು ಕೆಲವೊಮ್ಮೆ ಮುಂದಿನ ತಿಂಗಳ ಇಎಂಐಗೆ ಮುಂಗಡ ಅಂತ ಜಮಾ ಆಗಿ ಕೂತಿರುತ್ತೆ. ಅಸಲಿಗೆ ಹೋಯಿತಾ ಅಂತ ಮರುದಿನ ನೋಡಿ.

ಬಡ್ಡಿ ಏರಿದಾಗ ಇಎಂಐ ಏರಿಸಬೇಕಾ, ಅವಧಿ ಏರಿಸಬೇಕಾ ಅಂತ ಗಿರಾಕಿಯನ್ನು ಕೇಳಬೇಕು ಅಂತ ಆಗಸ್ಟ್ 2023ರಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂದಿದೆ. ಮೂರು ತಿಂಗಳಿಗೊಮ್ಮೆ ಇದುವರೆಗೆ ಎಷ್ಟು ಅಸಲು, ಎಷ್ಟು ಬಡ್ಡಿ ಹೋಯಿತು, ಇನ್ನೆಷ್ಟು ಕಂತು ಇದೆ ಅಂತ ಸ್ಟೇಟ್‌ಮೆಂಟ್ ಕೊಡಬೇಕು. ಟೀಚರ್ ಮನೆಯಲ್ಲಿ ಆದ ಗಾಬರಿ ಇನ್ನು ಯಾರಿಗೂ ಆಗಬಾರದು ಅಂತಲೇ ಅದು ಬಂದದ್ದು ಅನ್ನಿ.

ಕಾರ್ಕಳ_ಶೆಟ್ರು
ಸರ್, ನನ್ನ ಲೋನ್ ಜೊತೆ ಇನ್ಶೂರೆನ್ಸ್ ಕಡ್ಡಾಯ ಅಂತ ಒಂದೂವರೆ ಲಕ್ಷ ಲೋನಿಗೇ ಸೇರಿಸಿದ್ದಾರೆ. ಬ್ಯಾಂಕಿನ ಹೆಸರು ಬೇಡ. ಅದಕ್ಕೂ ಬಡ್ಡಿ ಕಟ್ಟುತ್ತಾ ಇದ್ದೇನೆ. ಇದು ನ್ಯಾಯವಾ?

ನಿವೃತ್ತ_ಬ್ಯಾಂಕು
ಕಡ್ಡಾಯ ಅಲ್ಲ ಶೆಟ್ರೇ. ಟಾರ್ಗೆಟ್ ಇರುತ್ತೆ, ಅದಕ್ಕೇ ಹಾಗೆ ಹೇಳ್ತಾರೆ. ಸಾಲಗಾರನಿಗೆ ಏನಾದರೂ ಆದರೆ ಮನೆ ಉಳಿಯಬೇಕು ಅನ್ನೋದು ಸರಿ. ಅದಕ್ಕೆ ಬೇರೆಯಾಗಿ ಟರ್ಮ್ ಇನ್ಶೂರೆನ್ಸ್ (ಬರೀ ಜೀವದ ಮೇಲಿನ ವಿಮೆ) ತಗೊಂಡರೆ ಸಾಲ ತೀರಿದ ಮೇಲೂ ಇರುತ್ತೆ. ಟೀಚರ್ ಮೇಡಂ, ನಿಮ್ಮ ಯಜಮಾನರಿಗೆ ಟರ್ಮ್ ಇದೆಯಾ? ಇಲ್ಲ ಅಂದರೆ ಈ ತಿಂಗಳ 15 ಸಾವಿರ ಮೊದಲು ಅಲ್ಲಿಗೆ.

ಪಿಎಫ್_ಪ್ರಕಾಶ
ಮಗಳಿಗೆ ಸುಕನ್ಯಾ ಸಮೃದ್ಧಿ ಮಾಡಿಸಿ. 2025-26ರಲ್ಲಿ ಶೇ. 8.2 ಬಡ್ಡಿ, ಲೋನ್ ಬಡ್ಡಿಗಿಂತ ಮೇಲು.

ಯಲಹಂಕ_ರೂಪ
ಪ್ರಕಾಶ್, ಮಗಳು ಎಂಟನೇ ಕ್ಲಾಸು. ಸುಕನ್ಯಾ ಖಾತೆ ಮಗುವಿಗೆ ಹತ್ತು ವರ್ಷ ತುಂಬೋದರೊಳಗೆ ತೆರೆಯಬೇಕು.

ಪಿಎಫ್_ಪ್ರಕಾಶ
ಹೌದಲ್ವಾ. ಹಾಗಾದರೆ ಇದು ಬೇರೆಯವರಿಗೆ.

ಕೆಂಗೇರಿ_ಟೀಚರ್
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಕೂತು ಮಾತಾಡಿದೆವು. ಮೇಷ್ಟ್ರ 8 ಸಾವಿರ, 15 ಸಾವಿರದ ಲೆಕ್ಕ ಓದಿ ಹೇಳಿದೆ. ಇವರು ತಾವೇ ಎಕ್ಸೆಲ್‌ನಲ್ಲಿ ಹಾಕಿ ನೋಡಿ ಸುಮ್ಮನಾದರು. ಪಿಎಫ್ ಇನ್ನು ಮುಟ್ಟಲ್ಲ ಅಂದಿದ್ದಾರೆ. ಬಳೆ ಬಿಡಿಸೋವರೆಗೆ ಲೋನಿಗೆ ಇಎಂಐ ಮಾತ್ರ. ಆಮೇಲೆ ತಿಂಗಳಿಗೆ 8 ಸಾವಿರ ಲೋನಿಗೆ, ಮಿಕ್ಕಿದ್ದು ಆರ್‌ಡಿ. ಆರ್‌ಡಿ ನನ್ನ ಹೆಸರಲ್ಲಿ, ಅದು ನಾನು ಹೇಳಿದ್ದು. ಸ್ಪ್ರೆಡ್ ಇಳಿಸೋಕೆ ಅರ್ಜಿ ಬರೆದಿದ್ದಾರೆ. ಬ್ಯಾಂಕಿನವರ ಮೇಲೆ ಕೋಪ ತೀರಿಸಿಕೊಳ್ಳೋಕೆ ಒಂದು ದಾರಿ ಸಿಕ್ಕಿತು ಅಂತ ಖುಷಿಯಾಗೇ ಇದ್ದಾರೆ.

ಟರ್ಮ್ ಇನ್ಶೂರೆನ್ಸ್ ಆಫೀಸಿನದು ಇದೆ ಅಂದುಕೊಂಡಿದ್ದರು. ಕೆಲಸ ಬಿಟ್ಟರೆ ಅದೂ ಹೋಗುತ್ತೆ ಅಂತ ಈಗ ಗೊತ್ತಾಯಿತು, ವಿಚಾರಿಸ್ತಾ ಇದ್ದಾರೆ. ಕ್ರಯಪತ್ರದ ಮಾತು ಎತ್ತಿದೆ ಸುಮಾ ಮೇಡಂ. "ಲೋನ್ ಮುಗಿದ ಮೇಲೆ ನೋಡೋಣ" ಅಂದರು. ಅದಕ್ಕೆ ನಾನು ಒಪ್ಪಿಲ್ಲ, ಮಾತು ಇನ್ನೂ ನಡೀತಿದೆ. ಫ್ರಿಜ್‌ಗೂ ಒಪ್ಪಿಲ್ಲ. ಗ್ಯಾಸ್ಕೆಟ್ ಹಾಕಿಸೋಣ ಅಂತಾರೆ.

ಮಂಡ್ಯ_ಮಾದ
ಗ್ಯಾಸ್ಕೆಟ್ ಕಮ್ಮಿ ದುಡ್ಡಿಗೆ ಆಗುತ್ತೆ ಅಕ್ಕ, ಅಣ್ಣ ಹೇಳಿದ್ದು ಸರಿ. ಟ್ರಿಪ್?

ಕೆಂಗೇರಿ_ಟೀಚರ್
ಕಟ್ಟಾಯಿತು. ಬೇಲೂರು, ಹಳೇಬೀಡು.

ಗಿರಿನಗರ_ಸುಮಾ
ಕ್ರಯಪತ್ರದ ವಿಷಯ ಬಿಡಬೇಡಿ. ಲೋನ್ ಇರುವಾಗ ಹೆಸರು ಸೇರಿಸೋಕೆ ಬ್ಯಾಂಕಿನ ಒಪ್ಪಿಗೆ ಬೇಕು, ಸ್ಟಾಂಪ್ ಖರ್ಚೂ ಇದೆ. ಮುಗಿದ ಮೇಲೆ ಅಂತ ಕಾಯೋದಾದರೂ, ಈಗಲೇ ಒಂದು ವಿಲ್ ಬರೆಸಿ. ಇಬ್ಬರೂ ಬರೆಸಿ.

ಹುಬ್ಬಳ್ಳಿ_ಅಣ್ಣಾ
ನಮ್ಮದು ಹೋದ ತಿಂಗಳು ಮುಗೀತ್ರೀ! ಕೊನೆಯ ಕಂತು ಕಟ್ಟಿ ಪೇಢೆ ಹಂಚಿದ್ವಿ. ಈಗ ಏನೇನು ತಗೋಬೇಕು ಬ್ಯಾಂಕಿನಿಂದ? ಬಾಕಿ ಇಲ್ಲ ಅಂತ ಒಂದು ಪತ್ರ ಕೊಟ್ಟಾರ, ಸಾಕಾ?

ನಿವೃತ್ತ_ಬ್ಯಾಂಕು
ಅಭಿನಂದನೆ ಸರ್. ಅದು ಸಾಲದು. ಅಸಲಿ ಕ್ರಯಪತ್ರ, ಮೂಲ ಪತ್ರಗಳು, ನೀವು ಕೊಟ್ಟಿದ್ದ ಚೆಕ್ಕುಗಳು ಎಲ್ಲ ವಾಪಸ್ ಬರಬೇಕು. ಸಾಲ ತೀರಿದ 30 ದಿನದೊಳಗೆ ಕೊಡಬೇಕು, ತಡ ಅವರ ಕಡೆಯಿಂದ ಆದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಇದೆ. ಪತ್ರ ಕೊಟ್ಟಾಗ ಸುಮ್ನೆ ಸಹಿ ಹಾಕಬೇಡಿ. ಸಾಲ ತಗೊಂಡಾಗ ಕೊಟ್ಟ ಪಟ್ಟಿ ಇಟ್ಟುಕೊಂಡು ಪುಟ ಪುಟ ನೋಡಿ.

ಆಮೇಲೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ. ಇದನ್ನು ಬಹಳ ಜನ ಬಿಡ್ತಾರೆ. ಮನೆ ಮಾರುವಾಗ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆದರೆ ಹಳೇ ಎಂಓಡಿ ಕಾಣುತ್ತೆ, ಕೊಳ್ಳುವವರ ವಕೀಲರು ಅಡ್ಡ ಹಾಕ್ತಾರೆ. ಒಂದೆರಡು ತಿಂಗಳು ಬಿಟ್ಟು ಸಿಬಿಲ್‌ನಲ್ಲಿ ಖಾತೆ ಕ್ಲೋಸ್ ಅಂತ ಬಂದಿದೆಯಾ ನೋಡಿ.

ಹುಬ್ಬಳ್ಳಿ_ಅಣ್ಣಾ
ಇಸಿ ಆನ್‌ಲೈನ್ ಸಿಗ್ತದ?

ಯಲಹಂಕ_ರೂಪ
ಕಾವೇರಿ ವೆಬ್‌ಸೈಟಿನಲ್ಲಿ ಸಿಗುತ್ತೆ ಅಣ್ಣಾ. ಲಾಗಿನ್ ಮಾಡಿ, ಆಸ್ತಿ ವಿವರ ಹಾಕಿ, ಸಾಲ ತಗೊಂಡ ದಿನಕ್ಕಿಂತ ಮುಂಚೆಯಿಂದ ಇವತ್ತಿನವರೆಗೆ ಕೇಳಿ. ಬಿಡುಗಡೆ ನೋಂದಣಿ ಆದಮೇಲೆ ತೆಗೆಯಿರಿ, ಮೊದಲೇ ತೆಗೆದರೆ ಮತ್ತೆ ತೆಗೆಯಬೇಕು.

ಫ್ಲಾಟ್_302
ನಮ್ಮ ತಂದೆ ಹೆಸರಲ್ಲಿ ಲೋನ್ ಇತ್ತು, ಅವರು ತೀರಿಕೊಂಡರು. ನಾವೇ ಕಟ್ಟಿ ಮುಗಿಸಿದೆವು. ಪತ್ರ ಕೇಳಿದರೆ ಇವತ್ತು ಬನ್ನಿ ನಾಳೆ ಬನ್ನಿ ಅಂತಾರೆ.

ನಿವೃತ್ತ_ಬ್ಯಾಂಕು
ಸಾಲಗಾರ ತೀರಿಕೊಂಡರೆ ವಾರಸುದಾರರಿಗೆ ಪತ್ರ ಕೊಡುವ ಕ್ರಮ ಏನು ಅಂತ ಪ್ರತಿ ಬ್ಯಾಂಕೂ ಮೊದಲೇ ಬರೆದು ವೆಬ್‌ಸೈಟಿನಲ್ಲಿ ಹಾಕಿರಬೇಕು, ಆ 30 ದಿನದ ನಿಯಮ ಇರುವ ಸುತ್ತೋಲೆಯಲ್ಲೇ ಇದೆ. ಅದನ್ನು ಪ್ರಿಂಟ್ ತೆಗೆದು, ಮರಣ ಪ್ರಮಾಣಪತ್ರ, ವಂಶವೃಕ್ಷ ಲಗತ್ತಿಸಿ, ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತಲ್ಲಿ ಕೇಳಿದರೆ ನಾಳೆ ಬನ್ನಿ ಅಂತಲೇ ಹೇಳ್ತಾರೆ. ಆದರೂ ಕೊಡದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ, ಅಲ್ಲೂ 30 ದಿನದಲ್ಲಿ ಉತ್ತರ ಇಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಹಾಕಿ. ಅದಕ್ಕೆ ಫೀಸಿಲ್ಲ.

ಫ್ಲಾಟ್_302
ವಂಶವೃಕ್ಷ ನಾಡಕಚೇರಿಯಲ್ಲಿ ಅಲ್ವಾ ಸರ್?

ಯಲಹಂಕ_ರೂಪ
ಹೌದು, ನಾಡಕಚೇರಿಯೇ. ಎಲ್ಲ ಮಕ್ಕಳ ಆಧಾರ್ ತಗೊಂಡು ಹೋಗಿ, ಒಬ್ಬರದು ಬಿಟ್ಟರೂ ವಾಪಸ್ ಕಳಿಸ್ತಾರೆ.